ಮಣ್ಣಿಗೆ ಹೋಗಿ ಬಂದ ಮೇಣದ ತುಂಡು

ಈ ಬರಹವನ್ನು ನನ್ನ ಹೆಂಡತಿ ರೇಷ್ಮಾ ಓದಿ, ಅಲ್ಲಲ್ಲಿ ಪೆನ್ಸಿಲ್‌ನಲ್ಲಿ ಗೀಟು ಹಾಕಿ, ‘ಇದು ಹೀಗೆ ಆಗಲಿಲ್ಲ’ ಎಂದು ಪಕ್ಕದಲ್ಲಿ ಬರೆದಿದ್ದಾಳೆ. ಕೆಲವನ್ನು ತಿದ್ದಿದ್ದೇನೆ. ಕೆಲವನ್ನು ಹಾಗೇ ಬಿಟ್ಟಿದ್ದೇನೆ, ಯಾಕೆಂದರೆ ಅವಳ ನೆನಪೇ ಸರಿ ಎನ್ನುವುದಕ್ಕೂ ನನ್ನ ಬಳಿ ಆಧಾರವಿಲ್ಲ. ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಗುಬ್ಬಿಯ ಪಿಯು ಕಾಲೇಜೊಂದರಲ್ಲಿ ಪಾಠ ಹೇಳಿದವನು. ಎಲ್ಲದಕ್ಕೂ ಆಧಾರ ಕೇಳುವುದು ನನ್ನ ಹಳೆಯ ರೋಗ. ಹೊಸದು ಶ್ವಾಸಕೋಶದ ಕ್ಯಾನ್ಸರ್. ಹಳೆಯದಕ್ಕೆ ಔಷಧಿ ಸಿಗಲಿಲ್ಲ. ಹೊಸದಕ್ಕೆ ಸದ್ಯಕ್ಕೆ ಸಿಗುತ್ತಿದೆ.

ಬರೆಯಲು ಕೂತಿದ್ದಕ್ಕೆ ಕಾರಣ ತುಮಕೂರಿನ ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಗೆ ಬಂದು ಕೂತ ಒಬ್ಬ ಹೆಂಗಸು. ಗಂಡನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಆಕೆಯ ಕೈಯಲ್ಲಿ ಸಣ್ಣ ಪ್ಲಾಸ್ಟಿಕ್ ಕವರ್, ಅದರೊಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಬಿಳಿ ಬಿಲ್ಲೆ. “ಇದು ನಮ್ಮೆಜಮಾನ್ರದಂತೆ ಸಾರ್. ಜೋಪಾನ ಅಂದ್ರು. ಇದನ್ನ ಮನೇಲಿ ಇಟ್ಕೋಬೋದಾ? ಏನೂ ಆಗಲ್ವಾ?” ಎಂದು ಕೇಳಿದರು. ‘ಇಟ್ಟುಕೊಳ್ಳಬಹುದು’ ಎಂದಷ್ಟೇ ಹೇಳಿದೆ. ಆಗಲೇ ನನ್ನ ಹೆಸರು ಕೂಗಿದರು. ಅವರಿಗೆ ಪೂರ್ತಿ ಹೇಳಬೇಕಿತ್ತು. ಅದೇ ಇದು.

ಕೆಮ್ಮು ಯಾವಾಗ ಶುರುವಾಯಿತು ಎಂದು ಪ್ರತಿಯೊಬ್ಬ ಡಾಕ್ಟರೂ ಕೇಳಿದರು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟೆ. ನನಗೆ ನೆನಪಿರುವುದು ಇಷ್ಟೇ: ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಕಡೆಯಿಂದ ಹೆಲಿಕಾಪ್ಟರ್ ಹಾರಿ ಬಂದರೆ ನಾನು ಪಾಠ ನಿಲ್ಲಿಸಿ, ಸದ್ದು ದಾಟಲಿ ಎಂದು ಕಾಯುತ್ತಿದ್ದೆ. ಒಂದು ವರ್ಷ ಆ ಬಿಡುವನ್ನು ಕೆಮ್ಮುವುದಕ್ಕೆ ಬಳಸತೊಡಗಿದೆ. ಹೆಲಿಕಾಪ್ಟರ್ ಬಾರದ ದಿನ ಹುಡುಗರಿಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಏನೋ ಬರೆಯುತ್ತಾ ಕೆಮ್ಮುತ್ತಿದ್ದೆ. ಮೊದಲು ಅಲರ್ಜಿ ಅಂದರು. ಆಮೇಲೆ ಟಿ.ಬಿ. ಇರಬಹುದೆಂದು ಮಾತ್ರೆ ಕೊಟ್ಟರು. ತೂಕ ಇಳಿಯುತ್ತಲೇ ಹೋದಾಗ ಸ್ಕ್ಯಾನ್ ಮಾಡಿದರು. ಬಲಗಡೆ ಶ್ವಾಸಕೋಶದ ಹಿಂಬದಿಯಲ್ಲಿ ಒಂದು ಗಡ್ಡೆ ಇತ್ತು.

ಬೆನ್ನಿನಿಂದ ಸೂಜಿ ಹಾಕಿ ತುಂಡು ತೆಗೆಯುವಾಗ ಶ್ವಾಸಕೋಶದಿಂದ ಗಾಳಿ ಸೋರಿತು. ಅದು ಕುಸಿಯಿತು. ಪಕ್ಕೆಲುಬಿನ ಸಂದಿಯಲ್ಲಿ ಕೊಳವೆ ತೂರಿಸಿ ಮಲಗಿಸಿದರು. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲಾರೆ. ಉಸಿರು ಎನ್ನುವುದು ತಾನಾಗಿ ಬಂದು ಹೋಗುವಂಥದ್ದು ಎಂದುಕೊಂಡಿದ್ದ ನಾನು, ಪ್ರತಿ ಉಸಿರನ್ನೂ ಒಳಗೆ ಬಾ ಎಂದು ಕರೆಯಬೇಕಾಯಿತು. ಪಕ್ಕದ ಮಂಚದ ಕಡೆಯವರು ಬಂದು ಕೇಳುತ್ತಿದ್ದರು.

“ಸೇದ್ತಿದ್ರಾ ಸಾರ್?”

“ಇಲ್ಲ.”

“ಎಲೆಅಡಿಕೆ?”

“ಇಲ್ಲ.”

“ಏನೂ ಇಲ್ವಾ?” ಎಂದು ನಿರಾಸೆಯಿಂದ ನೋಡಿ, “ಹಂಗಾದ್ರೆ ಹೆಂಗ್ ಬಂತು?” ಎಂದು ತಮ್ಮ ಮಂಚಕ್ಕೆ ವಾಪಸಾಗುತ್ತಿದ್ದರು. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎನ್ನುವ ಗುಮಾನಿ ಅವರ ಮುಖದಲ್ಲಿ ಕಾಣುತ್ತಿತ್ತು. ಕೆಲವು ದಿನ ನನಗೇ ಆ ಗುಮಾನಿ ಬಂತು. ಕಾಲೇಜು ದಿನಗಳಲ್ಲಿ ಸೇದಿ ಮರೆತಿದ್ದೇನೆಯೇ? ನಮ್ಮ ಅಮ್ಮ ಬೀಡಿ ಕಟ್ಟುತ್ತಿದ್ದರು. ನನ್ನ ನೆನಪಿನಲ್ಲಿ ಅವರು ಯಾವಾಗಲೂ ಹೊರಗಿನ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಅಕ್ಕ ಹೇಳುವುದೇ ಬೇರೆ: “ಜಗಲೀನಾ? ಯಾವ ಜಗಲಿ? ಆ ಬಾಡಿಗೆ ಮನೆಗೆ ಜಗಲೀನೇ ಇರಲಿಲ್ಲ ಕಣೋ. ಒಳಗೇ ಕೂತು ಕಟ್ಟೋರು. ನಿನ್ನ ತೊಟ್ಲು ಪಕ್ಕದಲ್ಲೇ. ಹೊಗೆಸೊಪ್ಪಿನ ಧೂಳು ನಿನ್ನ ಮೂಗಿಗೆ ಹೋಗಿ ಸೀನ್ತಿದ್ದೆ. ನಾವು ನಗ್ತಿದ್ವಿ.” ಹಾಗಾದರೆ ಇಷ್ಟು ವರ್ಷ ನಾನು ಅಮ್ಮನನ್ನು ಕೂರಿಸಿಕೊಂಡಿದ್ದ ಆ ಜಗಲಿ ಯಾರದು?

ಅಕ್ಕನನ್ನು ನಾವು ಆಪಾ ಎನ್ನುತ್ತೇವೆ. ನನಗಿಂತ ತುಂಬ ದೊಡ್ಡವಳು. ಮದುವೆಯಾಗಿ ಕುಣಿಗಲ್ ತಾಲ್ಲೂಕಿನ ಅಮೃತೂರಿಗೆ ಹೋದಳು. ಭಾವನಿಗೆ ಅಲ್ಲಿ ಬಟ್ಟೆ ಅಂಗಡಿ ಇತ್ತು. ಅವರು ತೀರಿಹೋದ ಮೇಲೂ ಅಲ್ಲೇ, ಮಗಳು ಅಳಿಯನ ಜೊತೆ ಇದ್ದಾಳೆ. ನಮ್ಮ ಮನೆಮಾತು ಉರ್ದು, ಆದರೆ ಆಪಾ ಈಗ ಸಿಟ್ಟಾಗುವುದೂ ಪ್ರೀತಿ ಮಾಡುವುದೂ ಅಮೃತೂರಿನ ಕನ್ನಡದಲ್ಲೇ.

ಕೊಳವೆ ತೆಗೆದು ಮನೆಗೆ ಕಳಿಸುವಾಗ ಆಸ್ಪತ್ರೆಯವರು ರಿಪೋರ್ಟು, ಗಾಜಿನ ಸ್ಲೈಡುಗಳು, ಜೊತೆಗೆ ಆ ಹೆಂಗಸಿನ ಕೈಯಲ್ಲಿದ್ದಂಥದ್ದೇ ಒಂದು ಬಿಲ್ಲೆ ಕೊಟ್ಟರು. ನನ್ನಿಂದ ತೆಗೆದ ಮಾಂಸದ ಎಳೆಗಳನ್ನು ಮೇಣದಲ್ಲಿ ಹುದುಗಿಸಿರುತ್ತಾರೆ. ಬ್ಲಾಕ್ ಎನ್ನುತ್ತಾರೆ. ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಅದನ್ನು ರೋಗಿಯ ಕಡೆಯವರೇ ಹೊತ್ತುಕೊಂಡು ಹೋಗಬೇಕು. ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದಿತ್ತು, ಎಲ್ಲಿ ಹುಟ್ಟಿದ್ದು ಎಂದು ಇರಲಿಲ್ಲ. ಶ್ವಾಸಕೋಶದ್ದೇ ಇರಬಹುದು, ಹೊಟ್ಟೆಯಿಂದಲೋ ಬೇರೆಲ್ಲಿಂದಲೋ ಬಂದು ಇಲ್ಲಿ ಕೂತಿರಬಹುದು, ಬ್ಲಾಕ್ ಮೇಲೆ ಇನ್ನಷ್ಟು ಪರೀಕ್ಷೆ ಆಗಬೇಕು ಎಂದು ಬರೆದಿದ್ದರು. ವಾರಕ್ಕೊಮ್ಮೆ ತುಮಕೂರಿಗೆ ಬರುವ ಕ್ಯಾನ್ಸರ್ ಡಾಕ್ಟರನ್ನು ಕಾಣಲು ದಿನ ಗೊತ್ತಾಯಿತು. ಅಲ್ಲಿವರೆಗೆ ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ನೋಡಲು ಬರುವವರ ಕಾಟ ಬೇಡವೆಂದು ಆಪಾ ನನ್ನನ್ನು ಅಮೃತೂರಿಗೆ ಕರೆದುಕೊಂಡು ಹೋದಳು. ನೋವಿನ ಮಾತ್ರೆ ನುಂಗಿ ಹಗಲೆಲ್ಲ ತೂಕಡಿಸುತ್ತಿದ್ದೆ. ಅಲ್ಲಿ ಕಳೆದ ದಿನಗಳಲ್ಲಿ ಸ್ಪಷ್ಟವಾಗಿ ನೆನಪಿರುವುದು ಎಳನೀರು ಮತ್ತು ಆಪಾಳ ತಸ್ಬಿಯ ಜಪಮಣಿಗಳ ಟಿಕ್‌ಟಿಕ್ ಸದ್ದು.

ಗೊತ್ತಾದ ದಿನ ಡಾಕ್ಟರಮ್ಮನ ಎದುರು ಕೂತೆವು. ರೇಷ್ಮಾ ಚೀಲದಿಂದ ಒಂದೊಂದೇ ತೆಗೆದಿಟ್ಟಳು. ಸ್ಲೈಡುಗಳು ಇದ್ದವು.

“ಬ್ಲಾಕ್ ಎಲ್ಲಿ?” ಎಂದರು ಡಾಕ್ಟರಮ್ಮ.

ನಾನು ಧೈರ್ಯವಾಗಿ ಹೇಳಿದೆ: ಮನೆಯಲ್ಲಿದೆ, ಬೀರುವಿನ ಎರಡನೇ ಡ್ರಾಯರ್‌ನಲ್ಲಿ, ಪಾಸ್‌ಪೋರ್ಟ್ ಕವರಿನ ಕೆಳಗೆ, ನಾನೇ ಇಟ್ಟಿದ್ದೇನೆ. ಅದನ್ನು ಇಡುವಾಗ ಡ್ರಾಯರ್ ಅರ್ಧಕ್ಕೆ ಸಿಕ್ಕಿಕೊಂಡಿದ್ದು, ಮೊಣಕಾಲಿನಿಂದ ತಳ್ಳಿದ್ದು, ಆಗ ಪಕ್ಕೆಯ ಗಾಯ ಚುಚ್ಚಿದ್ದು, ಎಲ್ಲ ಕಣ್ಣಮುಂದೆ ಇತ್ತು. ರೇಷ್ಮಾ ಆಟೋದಲ್ಲಿ ಮನೆಗೆ ಹೋಗಿ ಫೋನ್ ಮಾಡಿದಳು. ಡ್ರಾಯರ್‌ನಲ್ಲಿ ಇರಲಿಲ್ಲ. ಬೀರುವಿನಲ್ಲೇ ಇರಲಿಲ್ಲ.

“ನೀವು ಆಸ್ಪತ್ರೆಯಿಂದ ಸೀದಾ ಅಮೃತೂರಿಗೆ ಹೋಗಿದ್ದು ರೀ. ಈ ಮನೆಗೆ ಬಂದಿದ್ದು ನೆನ್ನೆ ಸಾಯಂಕಾಲ. ಬೀರು ಹತ್ರ ಹೋಗಿದ್ದನ್ನ ನಾನಂತೂ ನೋಡ್ಲಿಲ್ಲ.”

ಪಾಠ ಮಾಡುವಾಗ ಮರೆವಿನ ಬಗ್ಗೆ ಹೇಳಿದ್ದೆ. ಮರೆತರೆ ಆ ಜಾಗ ಖಾಲಿ ಇರುತ್ತದೆ ಎಂದುಕೊಂಡಿದ್ದೆ. ಖಾಲಿ ಇರಲಿಲ್ಲ. ಅಲ್ಲಿ ಡ್ರಾಯರ್ ಇತ್ತು, ಮೊಣಕಾಲಿತ್ತು, ನೋವೂ ಇತ್ತು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಇದು ಶ್ವಾಸಕೋಶದ್ದೇ ಅಂತಾದ್ರೆ ಒಂದು ದಾರಿ, ಬೇರೆ ಕಡೆಯದಾದ್ರೆ ಇನ್ನೊಂದು ದಾರಿ. ಕಣ್ಣುಮುಚ್ಕೊಂಡು ಕೀಮೋ ಕೊಡೋಕೆ ನಂಗಿಷ್ಟ ಇಲ್ಲ. ಮತ್ತೆ ಸೂಜಿ ಹಾಕೋಣ ಅಂದ್ರೆ, ನಿಮ್ಮ ಉಸಿರಿನ ಸ್ಥಿತಿ ನೋಡಿದ್ರೆ ಭಯ ಆಗುತ್ತೆ. ಹುಡುಕಿ ಸಾರ್. ಹೆಂಗಾದ್ರೂ ಮಾಡಿ ಹುಡುಕಿ” ಎಂದರು.

ಹೊರಗೆ ಬಂದು ಆಪಾಗೆ ಫೋನ್ ಮಾಡಿದೆ. ನನ್ನ ಬಟ್ಟೆ ಜೊತೆ ಅಲ್ಲೇನಾದರೂ ಉಳಿಯಿತೇ ಎಂದು ಕೇಳಿದೆ.

“ಆ ಮೇಣದ್ದಾ? ಅದನ್ನ ಮಣ್ಣು ಮಾಡ್ಬುಟ್ಟೆನಲ್ಲೋ” ಎಂದಳು ಆಪಾ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದಷ್ಟೇ ಸಲೀಸಾಗಿ. “ನಿನ್ನನ್ನ ಕೇಳಿಯೇ ಮಾಡ್ದೆ. ಹೂಂ ಅಂದೆ.”

ಇದು ಹುಚ್ಚುತನವಲ್ಲ. ನಮ್ಮಲ್ಲಿ ಮೈಯಿಂದ ಬೇರೆಯಾದದ್ದನ್ನು ಎಸೆಯುವುದಿಲ್ಲ. ಕತ್ತರಿಸಿದ ಉಗುರು, ಬಾಚಣಿಗೆಗೆ ಬಂದ ಕೂದಲು, ಬಿದ್ದ ಹಲ್ಲು, ಎಲ್ಲ ಮಣ್ಣಿಗೆ ಹೋಗಬೇಕು. ಎಲ್ಲರೂ ಮಾಡುವುದಿಲ್ಲ, ಆಪಾ ಮಾಡುತ್ತಾಳೆ. ಭಾವನ ಕಾಲಿನ ಬೆರಳನ್ನು ಸಕ್ಕರೆ ಕಾಯಿಲೆಗೆ ಕತ್ತರಿಸಿದಾಗ ಆಸ್ಪತ್ರೆಯವರ ಹತ್ತಿರ ಜಗಳ ಮಾಡಿ ಕೇಳಿ ಪಡೆದು ತಂದು ಹೂತವಳು ಅವಳು. ಇನ್ನು ತಮ್ಮನ ಎದೆಯಿಂದ ಕಿತ್ತ ಮಾಂಸವನ್ನು ಕೈಚೀಲದಲ್ಲಿ ಬಿಡುತ್ತಾಳೆಯೇ?

ನಾನು ಹೂಂ ಅಂದೆನೇ? ಜಗಲಿಯ ಮೇಲೆ ಕೂತಿದ್ದೆ, ಅವಳು ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ತೋರಿಸಿದಳು, ನಾನು ನೋಡಿ ತಲೆಯಾಡಿಸಿದೆ ಎನ್ನುತ್ತಾಳೆ. ನನಗೆ ಒಂದಿಷ್ಟೂ ನೆನಪಿಲ್ಲ. ಇಂದಿಗೂ ಇಲ್ಲ.

ಮಾರನೆಯ ದಿನ ಗಂಗಾಧರ ಕಾರು ತಂದ. ಅವನು ನಮ್ಮ ಕಾಲೇಜಿನಲ್ಲೇ ಕೆಮಿಸ್ಟ್ರಿ ಹೇಳುವವನು, ಇಪ್ಪತ್ತು ವರ್ಷದಿಂದ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ. ವಿಷಯ ಕೇಳಿ ಮೊದಲು ನಕ್ಕ. ಕುಣಿಗಲ್ ಕೆರೆ ಏರಿಯ ಮೇಲೆ ಹೋಗುವಾಗ ಇದ್ದಕ್ಕಿದ್ದಂತೆ ಹೇಳಿದ: “ಪ್ಯಾರಾಫಿನ್ ಕಣೋ ಅದು. ಮಣ್ಣಲ್ಲಿ ಕರಗಲ್ಲ, ಕೊಳೆಯಲ್ಲ. ಸಿಕ್ಕಿದ್ರೆ ಹಂಗೇ ಸಿಗುತ್ತೆ.”

“ಸಿಗದಿದ್ರೆ?”

“ಸಿಗದಿದ್ರೆ ನಿನ್ನ ಫೋಟೋ ಹಾಕ್ಕೊಂಡು ಪಾಠ ಮಾಡ್ತೀನಿ ಬುಡು. ಹುಡುಗ್ರಿಗೂ ಬೇಜಾರಾಗಿದೆ ನಿನ್ನ ಮುಖ ನೋಡಿ.”

ನಕ್ಕೆ. ನಗುವಾಗ ಪಕ್ಕೆ ನೋವಾಯಿತು.

ಆಪಾ ಬಾಗಿಲಲ್ಲೇ ನಿಂತಿದ್ದಳು. ನಾವು ಯಾಕೆ ಬಂದೆವೆಂದು ಗೊತ್ತಿತ್ತು. ಗಂಗಾಧರನಿಗೆ ಟೀ ಕೊಟ್ಟಳು, ನನಗೆ ಕೊಡಲಿಲ್ಲ.

“ಆಗಲ್ಲ. ಮಣ್ಣಿಗೆ ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ? ದುವಾ ಓದಿ ಇಟ್ಟಿದೀನಿ. ಅಪ್ಪಾಜಿನ ಮಣ್ಣು ಮಾಡಿದ್ವಿ. ಆಮೇಲೆ ಬೇಕು ಅಂತ ಹೋಗಿ ಬಗೆದ್ವಾ?”

“ಅಪ್ಪಾಜಿ ತೀರಿಹೋಗಿದ್ರು ಆಪಾ. ನಾನು ಇದೀನಿ.”

“ನೀನಿದ್ದೀಯ. ಆ ಪೀಡೆ ಮಣ್ಣಿಗೆ ಹೋಯ್ತು ಅಂತ ನಾನು ನೆಮ್ಮದಿಯಾಗಿದ್ದೆ. ಅದನ್ನೇ ಮೇಲಕ್ಕೆ ತೆಗೀತೀಯಾ?”

“ಅದು ಪೀಡೆ ಅಲ್ಲ. ಅದೊಂದು ಚೂರು. ಪೀಡೆ ಇನ್ನೂ ಇಲ್ಲೇ ಇದೆ” ಎಂದು ಎದೆ ಮುಟ್ಟಿಕೊಂಡು ತೋರಿಸಿದೆ.

ಆಪಾ ನನ್ನ ಕೈಯನ್ನೇ ನೋಡಿದಳು. ಅಲ್ಲಿಯವರೆಗೆ ಅವಳು ಏನು ತಿಳಿದಿದ್ದಳೆಂದು ನನಗೆ ಆಗ ಹೊಳೆಯಿತು. ಡಾಕ್ಟರು ತುಂಡು ತೆಗೆದರು, ಕೊಟ್ಟರು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು. ಮೇಣದಲ್ಲಿದ್ದದ್ದೇ ಪೂರ್ತಿ ಕಾಯಿಲೆ, ಅದನ್ನು ಹೂತು ತಮ್ಮನನ್ನು ಉಳಿಸಿಕೊಂಡೆ ಎಂದು ನಂಬಿಕೊಂಡಿದ್ದಳು. ಇಡೀ ಬದುಕು ವಿವರಣೆ ಕೊಟ್ಟೇ ಕಳೆದ ನಾನು ಅವಳಿಗೆ ಮಾತ್ರ ಏನನ್ನೂ ವಿವರಿಸಿರಲಿಲ್ಲ.

“ಇನ್ನೂ ಇದ್ಯಾ?” ಎಂದಳು. ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಗಂಗಾಧರ. “ಇದೆ ಆಪಾ. ಅದಕ್ಕೆ ಔಷಧಿ ಯಾವುದು ಅಂತ ಆ ಚೂರು ನೋಡಿ ಹೇಳ್ತಾರಂತೆ.”

ಅವಳು ಒಳಗೆ ಹೋಗಿ ಸಾರಿನ ಸೌಟು ತಂದಳು. ಗಂಗಾಧರ ಗುದ್ದಲಿ ಎತ್ತಿಕೊಂಡಾಗ ಬೇಡವೆಂದಳು, ಪೆಟ್ಟು ಬಿದ್ದೀತು. ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಸ್ಮಿಲ್ಲಾ ಎಂದು ಬಗೆಯತೊಡಗಿದಳು. ಹಿಂದಿನ ದಿನ ಮಳೆ ಬಿದ್ದಿತ್ತು. ಮಣ್ಣು ಮೆತ್ತಗಿತ್ತು. ಸ್ವಲ್ಪ ಹೊತ್ತಿಗೆ ಒಂದು ಬಟ್ಟೆಗಂಟು ಸಿಕ್ಕಿತು. ಬಿಚ್ಚಿದರೆ ಬಿಳಿಕೂದಲಿನ ಉಂಡೆ, ಅವಳದೇ. ಅದನ್ನು ಸರ್ರನೆ ಸೆರಗಿನಲ್ಲಿ ಮುಚ್ಚಿ ಮತ್ತೆ ಮಣ್ಣಿಗೆ ಹಾಕಿದಳು. ಇನ್ನೂ ಬಗೆದಳು. ಬೇರು ಸಿಕ್ಕಿತು. ಅಲ್ಲಿ ಇರಲಿಲ್ಲ.

“ಇಲ್ಲೇ ಹಾಕಿದ್ದು. ಇಲ್ಲೇ” ಎನ್ನುತ್ತಿದ್ದವಳು ನಿಲ್ಲಿಸಿ ಸುತ್ತ ನೋಡಿದಳು. ಆ ನೋಟ ನನಗೆ ಪರಿಚಿತ. ಖಾತ್ರಿಯಾಗಿದ್ದದ್ದು ಕೈತಪ್ಪಿದಾಗ ಮನುಷ್ಯ ಹಾಗೆ ನೋಡುತ್ತಾನೆ. ಬೀರುವಿನಲ್ಲಿ ಇಲ್ಲವೆಂದು ರೇಷ್ಮಾ ಫೋನ್ ಮಾಡಿದಾಗ ನಾನೂ ಹಾಗೇ ನೋಡಿರಬೇಕು. ನಾವಿಬ್ಬರೂ ಒಬ್ಬಳೇ ತಾಯಿಯ ಮಕ್ಕಳು ಎಂದು ಆ ಕ್ಷಣಕ್ಕಿಂತ ಚೆನ್ನಾಗಿ ನನಗೆ ಯಾವತ್ತೂ ಅನ್ನಿಸಿಲ್ಲ.

ದಾಳಿಂಬೆ ಗಿಡದ ಹತ್ತಿರ ಬಗೆದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಗೆದಳು. ಗಂಗಾಧರ ಪ್ಯಾಂಟು ಮಡಚಿ ಕೈಯಲ್ಲೇ ಮಣ್ಣು ಸರಿಸಿದ. ನನ್ನನ್ನು ಒಂದು ಕಡೆ ಕೂರಿಸಿದ್ದರು. ನನ್ನ ಬದುಕಿನ ಬಗ್ಗೆ ತೀರ್ಮಾನವಾಗುವಾಗ ನನಗೆ ಸಿಕ್ಕಿದ್ದು ಯಾವಾಗಲೂ ಕೂರುವ ಕೆಲಸ. ಆಪಾಳ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕೊನೆಗೆ ನಿಂಬೆಗಿಡದ ಹಿಂದೆ, ಒಂದು ಒಡೆದ ಹೆಂಚಿನ ಕೆಳಗೆ, ಸೌಟಿನ ತುದಿಗೆ ಬಟ್ಟೆ ಸಿಕ್ಕಿತು. ಒಳಗೆ ಆಸ್ಪತ್ರೆಯ ಕವರ್. ಅದರೊಳಗೆ ಬಿಲ್ಲೆ, ಒಂದು ಮಣ್ಣಿನ ಕಣವೂ ತಾಗದೆ.

ಗಂಗಾಧರ ಅಂಗೈಯಲ್ಲಿಟ್ಟುಕೊಂಡು ನೋಡಿದ. “ಮೇಷ್ಟ್ರೇ, ನಿನ್ನ ಎದೆ ಇಷ್ಟೇನಾ? ಇದನ್ನ ಇಟ್ಕೊಂಡೇನಾ ಸ್ಟಾಫ್ ಮೀಟಿಂಗ್‌ನಲ್ಲಿ ಅಷ್ಟು ಉಬ್ಬಿಸ್ತಿದ್ದೆ?” ಎಂದ. ಆಪಾ ನಗುತ್ತಲೇ ಅತ್ತುಬಿಟ್ಟಳು. ಆಮೇಲೆ ನನಗೂ ಟೀ ಕೊಟ್ಟಳು.

ಡಾಕ್ಟರಮ್ಮನಿಗೆ ಎಲ್ಲಿ ಸಿಕ್ಕಿತೆಂದು ಹೇಳಿದೆವು. ಅವರು ಬಿಲ್ಲೆಯನ್ನು ತಿರುಗಿಸಿ ನೋಡಿ, “ಒಳಗಿರೋದಕ್ಕೆ ಏನೂ ಆಗಿರಲ್ಲ” ಎಂದು ಬೆಂಗಳೂರಿಗೆ ಕಳಿಸಿದರು. ಮತ್ತೆ ಕಾಯುವುದು. ಕಾಯುವುದರ ಬಗ್ಗೆ ಒಂದು ಮಾತು: ಕಾಯುವಾಗ ನೀವು ಬುದ್ಧಿವಂತರಾಗಿದ್ದರೆ ಅದು ನಿಮ್ಮ ದುರದೃಷ್ಟ. ರೇಷ್ಮಾ ಅಡುಗೆ ಮಾಡಿದಳು, ನಮಾಜು ಮಾಡಿದಳು, ಧಾರಾವಾಹಿ ನೋಡಿದಳು. ನಾನು ಫೋನಿನಲ್ಲಿ ಓದಿದೆ. ಓದಿದ್ದನ್ನು ಮರೆತೆ. ಮರೆತದ್ದನ್ನು ಮತ್ತೆ ಓದಿ ಹೊಸದಾಗಿ ಹೆದರಿದೆ.

ಒಂದು ಸಂಜೆ ಡಾಕ್ಟರಮ್ಮ ಕಂಪ್ಯೂಟರಿನ ಪರದೆ ನಮ್ಮ ಕಡೆ ತಿರುಗಿಸಿದರು. ನೀಲಿ ಹಿನ್ನೆಲೆಯ ಮೇಲೆ ಕಂದು ಚುಕ್ಕೆಗಳು, ರಾಗಿ ಚೆಲ್ಲಿದ ಹಾಗೆ.

“ಈ ಕಂದು ಬಣ್ಣ ಟಿಟಿಎಫ್-ಒನ್. ಚೆನ್ನಾಗಿ ಹಿಡಿದಿದೆ. ಇದು ಸಾಮಾನ್ಯವಾಗಿ ಶ್ವಾಸಕೋಶ, ಥೈರಾಯ್ಡ್‌ಗಳಲ್ಲೇ ಕಾಣೋದು. ಹೊಟ್ಟೆಯಲ್ಲೂ ಥೈರಾಯ್ಡ್‌ನಲ್ಲೂ ಏನೂ ಸಿಕ್ಕಿಲ್ಲ. ಸೋ, ಇದು ಶ್ವಾಸಕೋಶದ್ದೇ ಸಾರ್. ಬೇರೆ ಕಡೆಯಿಂದ ಬಂದಿದ್ದಲ್ಲ.”

ನನಗೆ ಆ ಹೆಸರು ಗೊತ್ತಿತ್ತು. ಅದರಲ್ಲಿರುವ ಟಿ.ಎಫ್., ಅಂದರೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಏನು ಎಂಬುದು ನಾನು ಪ್ರತಿ ವರ್ಷ ಕೇಳುತ್ತಿದ್ದ ಎರಡು ಅಂಕದ ಪ್ರಶ್ನೆ. ಬೇರೆ ಜೀನ್‌ಗಳಿಗೆ ಏಳು ಎನ್ನುವುದು, ಮಲಗು ಎನ್ನುವುದು ಅದರ ಕೆಲಸ. ಟಿಟಿಎಫ್-ಒನ್‌ನ ಜೀನ್ ನಾವು ತಾಯಿಯ ಹೊಟ್ಟೆಯಲ್ಲಿರುವಾಗ ಶ್ವಾಸಕೋಶ ಮೂಡಲು ದುಡಿಯುತ್ತದೆ. ಆಮೇಲೂ ಅಲ್ಲಿನ ಜೀವಕೋಶಗಳಿಗೆ ನೀವು ಇಂಥವರು ಎಂದು ಹೇಳುತ್ತಲೇ ಇರುತ್ತದೆ. ನನ್ನ ಗಡ್ಡೆಯ ಜೀವಕೋಶಗಳು ಎಲ್ಲ ಶಿಸ್ತನ್ನೂ ಬಿಟ್ಟು ಬೆಳೆದಿದ್ದವು, ಆದರೆ ತಮ್ಮ ಮೂಲ ಯಾವುದೆಂದು ಮರೆತಿರಲಿಲ್ಲ. ನನಗಿಂತ ಅವುಗಳ ನೆನಪೇ ಚೆನ್ನಾಗಿತ್ತು.

“ಈ ಜೀನ್ ಎಚ್ಚರ ಇರೋದು ಒಳ್ಳೇದಾ ಕೆಟ್ಟದ್ದಾ?” ಎಂದು ಕೇಳಿದೆ.

“ಎರಡೂ ಹೇಳ್ತಾರೆ. ಗಡ್ಡೆ ತೀರಾ ಹದ್ದು ಮೀರದಂಗೆ ಅದು ಹಿಡಿದಿಡುತ್ತೆ ಅಂತಾನೂ ಇದೆ. ಅದೇ ಗಡ್ಡೆ ಬದುಕೋಕೆ ಆಸರೆ ಆಗುತ್ತೆ ಅಂತಾನೂ ಇದೆ. ನಿಮ್ಮಲ್ಲಿ ಯಾವುದು ಅಂತ ಈ ಬಣ್ಣ ನೋಡಿ ಹೇಳೋಕಾಗಲ್ಲ. ಆದರೆ ಸಾಮಾನ್ಯವಾಗಿ, ಇಲ್ಲದೇ ಇರೋದಕ್ಕಿಂತ ಇರೋದು ವಾಸಿ.”

ಜೀವನದಲ್ಲಿ ಮೊದಲ ಸಲ ಒಬ್ಬ ಡಾಕ್ಟರು ‘ಹೇಳೋಕಾಗಲ್ಲ’ ಎಂದದ್ದು ನನಗೆ ಸಮಾಧಾನ ಕೊಟ್ಟಿತು. ಕೆಲವು ದಿನದ ನಂತರ ಅದೇ ಬ್ಲಾಕಿನಲ್ಲಿ ಇನ್ನೊಂದು ಜೀನಿನ ಬದಲಾವಣೆ ಸಿಕ್ಕಿತು. ಅದಕ್ಕೆ ಮಾತ್ರೆ ಇತ್ತು. ದಿನಕ್ಕೊಂದು. ಕೀಮೋ ಬೇಕಾಗಲಿಲ್ಲ. ಕೆಮ್ಮು ಹೋಯಿತು. ಕಾಲೇಜಿಗೆ ವಾಪಸಾದೆ.

ಅದು ಒಳ್ಳೆಯ ಕಾಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಮುಖದ ತುಂಬ ಗುಳ್ಳೆ ಎದ್ದವು, ಉಗುರಿನ ಸಂದಿ ಬಾತು ಕೀವಾಯಿತು, ಸೀಮೆಸುಣ್ಣ ಹಿಡಿದರೆ ಪ್ರಾಣ ಹೋಗುತ್ತಿತ್ತು. ಕಿತ್ತುಬಂದ ಉಗುರಿನ ಚೂರುಗಳನ್ನು ರೇಷ್ಮಾ ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಆಪಾ ಬಂದಾಗ ಒಯ್ಯುತ್ತಿದ್ದಳು. ನಾನು ಮೊದಲಿನಂತೆ ಗೇಲಿ ಮಾಡಲಿಲ್ಲ. ಮರೆವು ಹೆಚ್ಚುತ್ತಿದೆ ಎಂದು ಡಾಕ್ಟರಮ್ಮನಿಗೆ ಹೇಳಿದಾಗ ತಲೆಯ ಸ್ಕ್ಯಾನ್ ಮಾಡಿಸಿದರು. ಏನೂ ಇಲ್ಲ, ಸ್ವಚ್ಛವಾಗಿದೆ ಎಂದರು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ ರೇಷ್ಮಾ ಅಲ್ಹಮ್ದುಲಿಲ್ಲಾ ಎಂದಳು. ನಾನೂ ಖುಷಿಪಡಬೇಕಿತ್ತು. ಹಾಗಾದರೆ ಈ ಮರೆವು ಕಾಯಿಲೆಯದ್ದಲ್ಲ, ನನ್ನದೇ ಎಂದುಕೊಂಡೆ.

ಬ್ಲಾಕಿನಲ್ಲಿ ಇನ್ನೂ ಚೂರು ಉಳಿದಿತ್ತು. ಲ್ಯಾಬಿನವರು ವಾಪಸ್ ಕೊಟ್ಟು, ಮುಂದೆ ಬೇಕಾಗಬಹುದು, ಇಟ್ಟುಕೊಳ್ಳಿ ಎಂದರು. ಎಲ್ಲಿಡುವುದೆಂದು ನಾನೂ ರೇಷ್ಮಾಳೂ ವಾದ ಮಾಡುತ್ತಿರುವಾಗ ಆಪಾ ಕೈಚಾಚಿ, “ನಂಗೆ ಕೊಡ್ರಿ” ಎಂದಳು. ರೇಷ್ಮಾ ಕವರನ್ನು ತನ್ನ ಕಡೆ ಎಳೆದುಕೊಂಡಳು. “ಹೂಳಲ್ಲ ಕಣ್ರಪ್ಪ. ಅಲ್ಲಾಣೆ.”

ಹೂಳಲಿಲ್ಲ. ಉಮ್ರಾ ಯಾತ್ರೆಗೆ ಹೋಗಿದ್ದಾಗ ಅವಳು ತನ್ನ ಕಫನಿನ ಬಟ್ಟೆ ತಂದಿದ್ದಳು, ಅಲ್ಲಿನ ಪವಿತ್ರ ಜಮ್‌ಜಮ್ ನೀರಿನಲ್ಲಿ ಅದ್ದಿ ಒಣಗಿಸಿದ್ದು. ತೀರಿಹೋದಾಗ ಹೊದಿಸಲು ಎಂದು ಅದನ್ನು ಟ್ರಂಕಿನ ತಳದಲ್ಲಿ ಇಟ್ಟಿದ್ದಾಳೆ. ಅದರ ಮಡಿಕೆಯೊಳಗೆ ನನ್ನ ಬ್ಲಾಕನ್ನೂ ಇಟ್ಟಳು. ಮನೆಯಲ್ಲಿ ಯಾರೂ ಕೈಹಾಕದ ಜಾಗ ಅದೊಂದೇ ಎಂದಳು.

ಮಾತ್ರೆ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ ಎಂದು ಮೊದಲೇ ಹೇಳಿದ್ದರು. ಯಾವಾಗ ಎಂದು ಹೇಳಿರಲಿಲ್ಲ. ಈ ವರ್ಷದ ಸ್ಕ್ಯಾನಿನಲ್ಲಿ ಯಕೃತ್ತಿನಲ್ಲಿ ಹೊಸದೊಂದು ಕಾಣಿಸಿತು. ಅಲ್ಲಿಂದ ಸೂಜಿಯಲ್ಲಿ ತೆಗೆದು ನೋಡಿದರು. ಡಾಕ್ಟರಮ್ಮ ಮತ್ತೆ ಪರದೆ ತಿರುಗಿಸಿದರು. ಬರೀ ನೀಲಿ. ರಾಗಿ ಇರಲಿಲ್ಲ.

“ಟಿಟಿಎಫ್ ಕಾಣ್ತಿಲ್ಲ” ಎಂದರು. “ಅದೇ ಕಾಯಿಲೆ ಬದಲಾಗಿದ್ಯಾ, ಇಲ್ಲಾ ಬೇರೇನಾದ್ರೂ ಹೊಸದಾ, ಹೋಲಿಸಿ ನೋಡ್ಬೇಕು. ಹಳೇ ಬ್ಲಾಕ್ ಇದ್ಯಾ ಸಾರ್?”

ಇದೆ ಎಂದೆ. ಎಲ್ಲಿ ಎಂದು ಅವರು ಕೇಳಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದರು. ಹೊಸದೇನಲ್ಲ, ಅದೇ. ಮೊದಲಿನ ಜೀನ್ ಬದಲಾವಣೆ ಎರಡರಲ್ಲೂ ಇತ್ತು. ಆದರೆ ತಾನು ಶ್ವಾಸಕೋಶದ್ದು ಎನ್ನುವುದನ್ನು ಅದು ಮರೆತಿತ್ತು. ಹಿಡಿದಿಡುತ್ತದೆ ಎಂದು ಕೆಲವರು ಹೇಳುವ ಆ ಜೀನ್ ಸುಮ್ಮನಾಗಿತ್ತು. ಹೀಗಾದರೆ ಏನು ಎಂದು ನಾನು ಕೇಳಲಿಲ್ಲ. ಡಾಕ್ಟರಮ್ಮ ಪರದೆಯನ್ನು ವಾಪಸ್ ತಮ್ಮ ಕಡೆ ತಿರುಗಿಸಿಕೊಂಡ ರೀತಿಯಲ್ಲೇ ಗೊತ್ತಾಯಿತು. ಮಾತ್ರೆ ನಿಲ್ಲಿಸಿದರು. ಈಗ ಮೂರು ವಾರಕ್ಕೊಮ್ಮೆ ನರದಲ್ಲಿ ಔಷಧಿ ಹಾಕುತ್ತಾರೆ. ಆ ಕುರ್ಚಿಯಿಂದ ಕಿಟಕಿಯಾಚೆ ಒಂದು ಬೇಕರಿಯ ಹಿಂಬಾಗಿಲು ಕಾಣುತ್ತದೆ. ಬಿಸಿ ಬ್ರೆಡ್ಡಿನ ವಾಸನೆಗೆ ವಾಂತಿ ಬರುತ್ತದೆ. ಒಬ್ಬ ನರ್ಸ್ ನಾನು ಹೇಳುವ ಮೊದಲೇ ಕಿಟಕಿ ಮುಚ್ಚುತ್ತಾರೆ.

ಹಳೆಯ ಬ್ಲಾಕ್ ವಾಪಸ್ ಬಂದ ಮೇಲೆ ಗಂಗಾಧರನ ಜೊತೆ ಅಮೃತೂರಿಗೆ ಹೋದೆ. ಆಪಾಗೆ ಈ ಸಲ ಎಲ್ಲವನ್ನೂ ವಿವರಿಸಿದೆ. ಅವಳು ಅಡ್ಡ ಮಾತಾಡದೆ ಕೇಳಿದಳು. ಕೊನೆಗೆ ಕೇಳಿದ್ದು ಒಂದೇ.

“ಇನ್ನು ಇದು ಅವರಿಗೆ ಬೇಕಾಗುತ್ತಾ?”

“ಇದ್ದಿದ್ದೆಲ್ಲ ಖರ್ಚಾಗಿದೆಯಂತೆ. ಮೇಣದಲ್ಲಿ ಒಂದೆಳೆ ಉಳಿದಿದ್ದರೆ ಹೆಚ್ಚು.”

“ಹಂಗಾದ್ರೆ ಇದನ್ನ ಒಂಟಿಯಾಗಿ ಹೂಳೋದು ಬೇಡ” ಎಂದಳು. ಅವಳು ಏನು ಹೇಳುತ್ತಿದ್ದಾಳೆಂದು ಅರ್ಥವಾಯಿತು. ರೇಷ್ಮಾ ಎದುರಿಗಿದ್ದಿದ್ದರೆ ಆ ಮಾತು ಬರುತ್ತಿರಲಿಲ್ಲ. “ನಿನ್ನ ಜೊತೆಗೇ ಇಡ್ತೀವಿ. ಪೂರ್ತಿಯಾಗಿ ಹೋಗ್ಬೇಕು.”

ಇಂಥದ್ದರಲ್ಲಿ ನನಗೆ ನಂಬಿಕೆ ಇಲ್ಲ. ಅದು ಅವಳಿಗೂ ಗೊತ್ತು. ಆದರೂ ನನ್ನ ಬಾಯಿಂದ ಬಂದ ಪ್ರಶ್ನೆ ಇದು: “ನಾನು ಮೊದಲು ಹೋದರೆ ನೀನು ಮಾಡ್ತೀಯ. ನೀನು ಮೊದಲು ಹೋದರೆ? ನನಗಂತೂ ನೆನಪಿರಲ್ಲ.”

ಆಪಾ ಯೋಚಿಸಿದಳು. ನಿಂಬೆಗಿಡ ಬಿಟ್ಟು ನುಗ್ಗೆಯ ಬುಡ ಬಗೆದದ್ದು ಅವಳಿಗೂ ನೆನಪಾಗಿರಬೇಕು. ತನ್ನ ಮೇಲೂ ಭರವಸೆ ಸಾಲದು ಎನ್ನಿಸಿತೇನೋ. ಜಗಲಿಯ ತುದಿಯಲ್ಲಿ ಕೂತು ಫೋನ್ ನೋಡುತ್ತಿದ್ದವನನ್ನು ಕರೆದಳು.

“ಗಂಗಾಧರಣ್ಣ, ನೀನು ಜ್ಞಾಪಕ ಇಟ್ಕೋತೀಯಾ?”

ಅವನು ಏನಾದರೂ ತಮಾಷೆ ಮಾಡುತ್ತಾನೆಂದು ಕಾದೆ. ಮಾಡಲಿಲ್ಲ. ಫೋನನ್ನು ಜೇಬಿಗೆ ಹಾಕಿ ಎದ್ದು ನಿಂತ. “ಎಲ್ಲಿಡ್ತೀರಿ ಅಂತ ತೋರಿಸಿ ಆಪಾ” ಎಂದ.

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ನಾನು ಏಳಲಿಲ್ಲ. ಔಷಧಿ ಹಾಕಿದ ವಾರ ಕಾಲಲ್ಲಿ ಬಲ ಇರುವುದಿಲ್ಲ. ಒಳಗೆ ಟ್ರಂಕಿನ ಕೊಂಡಿ ತೆಗೆದ ಸದ್ದು ಬಂತು. “ಈ ಮಡಿಕೆ ನೋಡು. ಕೆಳಗಿಂದ ಎರಡನೇದು. ಇದು ನಂದು, ಅದರೊಳಗಿರೋದು ಅವಂದು” ಎಂದು ಆಪಾ ಹೇಳುತ್ತಿದ್ದಳು. “ಹೂಂ” ಎಂದ ಗಂಗಾಧರ. ಅವನು ಹೂಂ ಅಂದದ್ದು ನಾನು ಕೇಳಿಸಿಕೊಂಡೆ. ಆಮೇಲೆ ಮುಚ್ಚಳ ಮುಚ್ಚಿದ್ದೂ ಕೇಳಿಸಿತು. ಇದೊಂದನ್ನು ಯಾರು ಬೇಕಾದರೂ ಬಂದು ನನ್ನನ್ನು ಕೇಳಬಹುದು. ಇದರ ಪಕ್ಕದಲ್ಲಿ ರೇಷ್ಮಾಳ ಗೀಟು ಇಲ್ಲ.